ದಾವಣಗೆರೆಯಿಂದ ಗುಲ್ಮಾರ್ಗ್‌ಗೆ: ಮನೆಮಂದಿಯೆಲ್ಲ ಸ್ಕೀಯಿಂಗ್‌ಗೆ ಹೊರಡುವುದಾದರೆ

ದೀಪಾವಳಿ ಮುಗಿಯುತ್ತಿದ್ದ ಹಾಗೇ ಓದುಗರ ಪ್ರಶ್ನೆ ಶುರುವಾಗುತ್ತದೆ. ಮಕ್ಕಳಿಗೆ ಹಿಮ ತೋರಿಸಬೇಕು, ಆದರೆ ಸ್ಕೀಯಿಂಗ್ ಕೂಡ ಕಲಿಸಬೇಕು, ಎಲ್ಲಿಗೆ ಹೋಗೋಣ? ಎಷ್ಟು ದಿನ ಬೇಕು? ಅಮ್ಮನಿಗೆ ಬಿಪಿ ಇದೆ, ಕರೆದುಕೊಂಡು ಹೋಗಬಹುದಾ? ಅಲ್ಲಿ ಸಸ್ಯಾಹಾರಿ ಊಟ ಸಿಗುತ್ತಾ? ದಾವಣಗೆರೆ, ಚಿತ್ರದುರ್ಗ, ಹರಿಹರ, ಚನ್ನಗಿರಿ, ಎಲ್ಲಿಂದ ಬಂದರೂ ಇವೇ ಪ್ರಶ್ನೆಗಳು. ಆದ್ದರಿಂದ ಎಲ್ಲಕ್ಕೂ ಒಟ್ಟಿಗೆ ಉತ್ತರ.

ಶುರುವಿನಲ್ಲೇ ಒಂದು ಮಾತು. ಟ್ರಾವೆಲ್ಸ್‌ನವರ ಕಾಶ್ಮೀರ ಪ್ಯಾಕೇಜ್‌ನಲ್ಲಿ ಗುಲ್ಮಾರ್ಗ್ ಸಾಮಾನ್ಯವಾಗಿ ಒಂದೇ ದಿನದ ಬಾಬತ್ತು. ಬೆಳಿಗ್ಗೆ ಶ್ರೀನಗರ ಬಿಡಿಸಿ, ಮಧ್ಯಾಹ್ನ ಹಿಮದಲ್ಲಿ ಫೋಟೊ ಹೊಡೆಸಿ, ಸಂಜೆಗೆ ಹೋಟೆಲಿಗೆ ತಂದು ಬಿಡುತ್ತಾರೆ. ಅಷ್ಟರಲ್ಲಿ ಯಾರೂ ಸ್ಕೀಯಿಂಗ್ ಕಲಿಯುವುದಿಲ್ಲ. ಬೂಟು ಹಾಕಿಕೊಂಡು ನಿಲ್ಲುವುದು ರೂಢಿಯಾಗಲಿಕ್ಕೇ ಅರ್ಧ ದಿನ ಬೇಕು. ಕಲಿಯಬೇಕೆಂಬ ಆಸೆ ನಿಜವಾಗಿ ಇದ್ದರೆ ಮೇಲೆ ಗುಲ್ಮಾರ್ಗ್‌ನಲ್ಲೇ ಕನಿಷ್ಠ ಮೂರು ರಾತ್ರಿ ಉಳಿಯಿರಿ. ಪಹಲ್ಗಾಮ್, ಸೋನ್‌ಮಾರ್ಗ್ ಎಲ್ಲವನ್ನೂ ಅದೇ ಪ್ರವಾಸಕ್ಕೆ ತುರುಕಬೇಡಿ.

1. ಜಾಗ ಆರಿಸುವುದು

ಕುಟುಂಬದೊಂದಿಗೆ ಹೋಗಲು ನಮ್ಮ ದೇಶದಲ್ಲಿ ಮುಖ್ಯವಾಗಿ ಮೂರು ಜಾಗಗಳಿವೆ.

ಗುಲ್ಮಾರ್ಗ್: ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆ. ಶ್ರೀನಗರ ವಿಮಾನ ನಿಲ್ದಾಣದಿಂದ ಸುಮಾರು 55 ಕಿ.ಮೀ. ಎತ್ತರ 2,650 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಅಲ್ಲಿನ ಬಯಲೇ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲಿದೆ. ಕಲಿಯುವವರಿಗೆ ಮಟ್ಟಸವಾದ ಇಳಿಜಾರು, ಗೊಂಡೊಲಾ (ಹಗ್ಗದ ಮೇಲೆ ತೇಲಿ ಹೋಗುವ ಮುಚ್ಚಿದ ಡಬ್ಬಿ), ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ತರಬೇತಿ ಸಂಸ್ಥೆ, ಎಲ್ಲ ಒಂದೇ ಕಡೆ.

ಔಲಿ: ಉತ್ತರಾಖಂಡದ ಜೋಶಿಮಠದ ಮೇಲೆ. ನಂದಾದೇವಿ ಕಾಣುವ ಜಾಗ, ನೋಟದಲ್ಲಿ ಗುಲ್ಮಾರ್ಗ್‌ಗೆ ಕಡಿಮೆಯಿಲ್ಲ. ಆದರೆ ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಘಟ್ಟದ ರಸ್ತೆ, ಇಡೀ ದಿನ ಬೇಕು. ಆಗುಂಬೆ ತಿರುವಿನಲ್ಲೇ ವಾಂತಿ ಮಾಡುವ ಮಕ್ಕಳಿದ್ದರೆ ಯೋಚಿಸಿ. ಜೋಶಿಮಠದ ನೆಲ ಕುಸಿದ ಮೇಲೆ 2023ರ ಜನವರಿಯಲ್ಲಿ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದರು. ಹಳೆಯ ವಿಡಿಯೊ ನೋಡಿ ರೋಪ್‌ವೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಸೋಲಂಗ್: ಮನಾಲಿಯಿಂದ 13-14 ಕಿ.ಮೀ. ರೈಲು, ಬಸ್ಸಿನಲ್ಲೇ ಹೋಗಿಬರಬಹುದು, ಖರ್ಚೂ ಕಡಿಮೆ. ಇಳಿಜಾರು ಚಿಕ್ಕದು, ರಜಾ ದಿನಗಳಲ್ಲಿ ಜನ ಜಾತ್ರೆ. ಹಿಮ ನೋಡಿ, ಒಂದೆರಡು ದಿನ ಜಾರಿ ಆಡಿದರೆ ಸಾಕು ಎನ್ನುವವರಿಗೆ ಇದೇ ಸರಿ.

ಕಲಿಯುವುದು ಮುಖ್ಯ ಎಂದರೆ ನನ್ನ ಆಯ್ಕೆ ಗುಲ್ಮಾರ್ಗ್. ಮುಂದಿನದೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬಟ್ಟೆ, ಬೂಟು, ಕಲಿಕೆಯ ಭಾಗ ಮೂರೂ ಕಡೆಗೆ ಹೊಂದುತ್ತದೆ.

"ಕಾಶ್ಮೀರ ಈಗ ಸೇಫಾ?" ಎಂಬುದಕ್ಕೆ ನಾನು ಖಾತ್ರಿ ಕೊಡಲಾರೆ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯಲ್ಲಿ ಪಕ್ಕದ ಶಿವಮೊಗ್ಗದವರೊಬ್ಬರೂ ತೀರಿಕೊಂಡರು, ಆ ಭಯ ಸಹಜ. ಟಿಕೆಟ್ ಮಾಡಿಸುವ ಮುಂಚೆ ಸರ್ಕಾರದ ಸೂಚನೆ ನೋಡಿ. ಮನೆಯಲ್ಲಿ ಒಬ್ಬರಿಗೆ ಅಳುಕಿದ್ದರೂ ಸೋಲಂಗ್‌ಗೆ ಹೋಗಿ. ಹೆದರಿಕೊಂಡು ರಜೆ ಕಳೆಯುವುದರಲ್ಲಿ ಅರ್ಥವಿಲ್ಲ.

2. ತಿಂಗಳು ಗೊತ್ತುಮಾಡುವುದು

ನಮ್ಮ ಶಾಲೆಗಳಿಗೆ ದಸರಾ ರಜೆ ಉಂಟು, ಬೇಸಿಗೆ ರಜೆ ಉಂಟು; ಹಿಮ ಬೀಳುವ ಕಾಲಕ್ಕೆ ರಜೆ ಇಲ್ಲ. ಹಾಗಾಗಿ ಎಲ್ಲರೂ ಕ್ರಿಸ್‌ಮಸ್ ವಾರಕ್ಕೆ ಮುಗಿಬೀಳುತ್ತಾರೆ. ಆಗ ರೂಮಿನ ದರ ಗಗನದಲ್ಲಿರುತ್ತದೆ, ಹಿಮ ಮಾತ್ರ ಖಾತ್ರಿಯಿಲ್ಲ. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರದವರು ಚಿಲ್ಲೈ ಕಲಾನ್ ಎನ್ನುವ ಕಡುಚಳಿಯ ಕಾಲ. ಚಳಿ ಆಗಲೇ ಹೆಚ್ಚು, ಆದರೆ ಹಿಮ ತನಗೆ ಬೇಕಾದಾಗ ಬರುತ್ತದೆ. 2024ರ ಜನವರಿ ನಡುವಿನಲ್ಲಿ ಗುಲ್ಮಾರ್ಗ್ ಬೋಳಾಗಿತ್ತು, ಹಿಮ ಬಂದದ್ದು ತಿಂಗಳ ಕೊನೆಗೆ. 2025ರ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೂ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು.

ನನ್ನ ಸಲಹೆ: ಜನವರಿ ಕೊನೆಯಿಂದ ಫೆಬ್ರುವರಿ ಮೂರನೇ ವಾರದೊಳಗೆ ಒಂದು ವಾರ. ಗಣರಾಜ್ಯೋತ್ಸವದ ಆಸುಪಾಸು ತಪಾಸಣೆ ಬಿಗಿ, ಆ ಎರಡು ಮೂರು ದಿನ ಬಿಟ್ಟುಬಿಡಿ. ಮಕ್ಕಳ ಶಾಲೆಗೆ ರಜೆ ಅರ್ಜಿ ಕೊಡಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಸೆಕೆಂಡ್ ಪಿಯು ಮಗು ಇದ್ದರೆ ಈ ವರ್ಷ ಕೈಬಿಡಿ. ಪೂರ್ವಸಿದ್ಧತಾ ಪರೀಕ್ಷೆಗಳು ಅದೇ ಹೊತ್ತಿಗೆ ಬರುತ್ತವೆ. ಭದ್ರಾ ನಾಲೆಯ ಕೆಳಗೆ ಬೇಸಿಗೆ ಭತ್ತ ಮಾಡುವವರು ನಾಟಿ ಮುಗಿಸಿಕೊಂಡೇ ಹೊರಡುವ ಲೆಕ್ಕ ಹಾಕಿ.

3. ಹೋಗುವ ದಾರಿ

ಗುಲ್ಮಾರ್ಗ್‌ಗೆ ವಿಮಾನವೇ ಸರಿ. ಬೆಂಗಳೂರಿಗೆ ದಾವಣಗೆರೆಯಿಂದ ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ ಸುಮಾರು 200. ಕಾರಿನಲ್ಲಿ ಹೋಗುವವರು ತುಮಕೂರು ದಾಟಿದ ಮೇಲೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ವಿಮಾನ ನಿಲ್ದಾಣ ಸೇರಿ. ಗೊರಗುಂಟೆಪಾಳ್ಯ, ಹೆಬ್ಬಾಳದ ಟ್ರಾಫಿಕ್‌ಗೆ ಸಿಗುವ ಕರ್ಮ ತಪ್ಪುತ್ತದೆ.

ಮನಾಲಿ ಕಡೆಗಾದರೆ ಯಶವಂತಪುರದಿಂದ ಹೊರಟು ದಾವಣಗೆರೆ, ಹುಬ್ಬಳ್ಳಿ ಮೇಲೆ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ರೈಲಿದೆ. ದಿನಾ ಇಲ್ಲ, ವಾರ ನೋಡಿಕೊಳ್ಳಿ. ರೈಲಿನಲ್ಲಿ ಎರಡು ರಾತ್ರಿ, ಚಂಡೀಗಢದಿಂದ ರಾತ್ರಿ ಬಸ್ಸು. ಚಿತ್ರದುರ್ಗದವರು ದಾವಣಗೆರೆಗೆ ಬಂದು ಹತ್ತುವುದು ಸುಲಭ. ರಿಸರ್ವೇಶನ್ 60 ದಿನ ಮುಂಚೆಯಷ್ಟೇ ತೆರೆಯುತ್ತದೆ, ಆ ದಿನವೇ ಮಾಡಿಸಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಎರಡು. ಮೊದಲನೆಯದು ಫೋನು: ಹೊರ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಕೊಂಡು ಹೊರಡಿ, ಹೊರಡುವ ಹಿಂದಿನ ದಿನ ಅಂಗಡಿಗೆ ಓಡಬೇಡಿ. ಎರಡನೆಯದು ಲಗೇಜು: ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ತಲೆಗೆ 15 ಕೆ.ಜಿ. ಚೆಕ್-ಇನ್, 7 ಕೆ.ಜಿ. ಕೈಚೀಲ. ದಪ್ಪ ಜಾಕೆಟ್ ಮೈಮೇಲೋ ಕೈಯಲ್ಲೋ ಇರಲಿ. ಪವರ್‌ಬ್ಯಾಂಕ್ ಕೈಚೀಲದಲ್ಲಿ, ಖಾರದ ಪುಡಿ ಚಟ್ನಿಪುಡಿ ಚೆಕ್-ಇನ್‌ನಲ್ಲಿ. ಅದಲುಬದಲಾದರೆ ತಪಾಸಣೆಯಲ್ಲಿ ಎರಡೂ ತೊಂದರೆ.

4. ರೂಮು

ಗುಲ್ಮಾರ್ಗ್‌ನಲ್ಲಿ ಹೋಟೆಲು ಕಡಿಮೆ, ದರ ಜಾಸ್ತಿ. ಕೆಳಗೆ 13 ಕಿ.ಮೀ. ದೂರದ ತಂಗ್‌ಮಾರ್ಗ್‌ನಲ್ಲಿ ಅಗ್ಗ ಎಂದು ಅಲ್ಲಿ ಉಳಿಯುವವರಿದ್ದಾರೆ. ಆದರೆ ಹಿಮ ಜೋರಾಗಿ ಬಿದ್ದ ಬೆಳಿಗ್ಗೆ ರಸ್ತೆ ತೆರವಾಗುವವರೆಗೆ ಕೆಳಗೇ ಕಾಯಬೇಕು. ಸ್ಕೀಯಿಂಗ್‌ಗೆ ಒಳ್ಳೆಯ ದಿನವೂ ಅದೇ ಆಗಿರುತ್ತದೆ! ಒಂದು ದಿನ ಕಡಿಮೆ ಮಾಡಿಕೊಂಡರೂ ಪರವಾಗಿಲ್ಲ, ಮೇಲೆಯೇ ಉಳಿಯಿರಿ.

ಬುಕ್ ಮಾಡುವಾಗ "ಹೀಟರ್ ಇದೆಯಾ" ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಬಿಡಿಸಿ ಕೇಳಿ: ಸೆಂಟ್ರಲ್ ಹೀಟಿಂಗೋ, ಬುಖಾರಿಯೋ (ಹೊಗೆ ಕೊಳವೆ ಇರುವ ಸೌದೆ ಒಲೆ)? ಹಾಸಿಗೆಗೆ ಎಲೆಕ್ಟ್ರಿಕ್ ಬ್ಲ್ಯಾಂಕೆಟ್ ಉಂಟೋ? ಕರೆಂಟು ಹೋದರೆ ಜನರೇಟರ್ ರಾತ್ರಿಯಿಡೀ ಓಡುತ್ತದೋ? ಬಿಸಿನೀರು ಎಷ್ಟು ಹೊತ್ತಿಗೆ? ಕಲಿಯುವ ಇಳಿಜಾರಿಗೆ ನಡೆದು ಎಷ್ಟು ದೂರ? ರಸ್ತೆ ಮುಚ್ಚಿ ಬರಲಾಗದಿದ್ದರೆ ಹಣ ವಾಪಸ್ಸೋ? ಉತ್ತರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಕೆಂಡದ ಕಾಂಗ್ಡಿ (ಚಳಿ ಕಾಯಿಸಲು ಕೆಂಡ ತುಂಬಿಡುವ ಮಡಿಕೆ), ಗ್ಯಾಸ್ ಹೀಟರ್ ಇಟ್ಟುಕೊಂಡು ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿ ಮಲಗಲೇಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮಲಗುವ ಮುಂಚೆ ಆರಿಸಿ ಹೊರಗಿಡಿ.

5. ಬಟ್ಟೆ

ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿ. ನಮ್ಮೂರಲ್ಲಿ 15 ಡಿಗ್ರಿಗೆ ಇಳಿದರೇ ಸ್ವೆಟರ್ ಹುಡುಕುತ್ತೇವೆ. ಗುಲ್ಮಾರ್ಗ್‌ನಲ್ಲಿ ರಾತ್ರಿ ಮೈನಸ್ 8, ಮೈನಸ್ 10 ಮಾಮೂಲಿ.

ಹತ್ತಿ ಮಿಲ್ಲುಗಳಿಂದಲೇ ಹೆಸರಾದ ಊರಿನವರಿಗೆ ಇದನ್ನು ಹೇಳಲು ಸಂಕೋಚ, ಆದರೂ ಹೇಳಬೇಕು: ಹಿಮದಲ್ಲಿ ಹತ್ತಿ ಬಟ್ಟೆ ಬೇಡ. ಬೆವರೋ ಹಿಮವೋ ತಾಗಿ ಒಮ್ಮೆ ಒದ್ದೆಯಾದರೆ ಒಣಗುವುದಿಲ್ಲ, ಮೈ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಜೀನ್ಸ್ ಇನ್ನೂ ಕಷ್ಟ, ಮೊಣಕಾಲಿನ ಹತ್ತಿರ ಒದ್ದೆಯಾಗಿ ಆಮೇಲೆ ಸೆಟೆದುಕೊಳ್ಳುತ್ತದೆ. ಉಣ್ಣೆ ಹಾಗಲ್ಲ. ಚಳ್ಳಕೆರೆ ಕಡೆಯ ಕುರಿ ಕಾಯುವವರು ಜಡಿಮಳೆಯಲ್ಲೂ ಕಂಬಳಿ ಕೊಪ್ಪೆ ಹಾಕಿ ನಿಲ್ಲುವುದು ಯಾಕೆಂದರೆ ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ.

ಮೂರು ಪದರ ಸಾಕು. ಮೈಗೆ ಅಂಟುವ ಥರ್ಮಲ್ (ಪಾಲಿಯೆಸ್ಟರ್ ಅಥವಾ ಉಣ್ಣೆಯದು, ಮೇಲೆ ಕೆಳಗೆ ಎರಡೂ), ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಸ್ವೆಟರ್‌ಗಳನ್ನು ಚಳಿಗಾಲಕ್ಕೆ ಊರೂರಿಗೆ ಬರುವ ಟಿಬೆಟನ್ನರ ಅಂಗಡಿಯಲ್ಲೇ ಕೊಳ್ಳಬಹುದು. ಹೊರಗಿನ ಜಾಕೆಟ್, ಪ್ಯಾಂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ವರ್ಷಕ್ಕೊಮ್ಮೆಯೂ ಉಪಯೋಗಕ್ಕೆ ಬಾರದ ಬಟ್ಟೆಗೆ ಇಲ್ಲಿ ದುಡ್ಡು ಸುರಿಯಬೇಡಿ. ಕೈಗವಸು ಮಾತ್ರ ಸ್ವಂತದ್ದಿರಲಿ, ನೀರು ಇಳಿಯದಂಥದ್ದು, ಮಕ್ಕಳಿಗೆ ಎರಡೆರಡು ಜೊತೆ. ಉಲ್ಲನ್ ಗ್ಲೌಸ್ ಹಾಕಿಕೊಂಡು ಹಿಮದುಂಡೆ ಕಟ್ಟಿದರೆ ಹತ್ತೇ ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ.

ಸೀರೆ ಬಿಡಲೊಲ್ಲದ ಅಮ್ಮಂದಿರು, ಅಜ್ಜಿಯಂದಿರು ಹಿಮದಲ್ಲಿ ನಡೆಯುವ ಹೊತ್ತಿಗಾದರೂ ಚೂಡಿದಾರ ಹಾಕಲಿ. ಸೀರೆಯ ಅಂಚು ಹಿಮ ಹೀರಿ ಕಾಲಿಗೆ ಸುತ್ತಿಕೊಂಡರೆ ಬೀಳುವುದು ಖಂಡಿತ. ಒಪ್ಪದಿದ್ದರೆ ಒಳಗೆ ಥರ್ಮಲ್ ಪ್ಯಾಂಟು, ಉಣ್ಣೆ ಕಾಲುಚೀಲ, ಸೀರೆ ಸ್ವಲ್ಪ ಮೇಲಕ್ಕೆ.

ಕಪ್ಪು ಕನ್ನಡಕ ಎಲ್ಲರಿಗೂ ಬೇಕು, ಮಗುವಿಗೂ. ಹಿಮದ ಮೇಲೆ ಬಿದ್ದ ಬಿಸಿಲು ತಿರುಗಿ ಕಣ್ಣಿಗೆ ಹೊಡೆಯುತ್ತದೆ. ಸಂಜೆಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ. ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಬಾಮ್ ಮರೆಯಬೇಡಿ.

6. ತಂಗ್‌ಮಾರ್ಗ್ ದಾಟುವುದು

ಹಿಮ ಬಿದ್ದಾಗ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಚೈನ್ ಸುತ್ತಿದ ಗಾಡಿ ಅಥವಾ ನಾಲ್ಕೂ ಚಕ್ರ ಎಳೆಯುವ ಜೀಪು ಮಾತ್ರ ಹೋಗುತ್ತದೆ. ಶ್ರೀನಗರದ ಟ್ಯಾಕ್ಸಿ ಗೊತ್ತುಮಾಡುವಾಗಲೇ ಈ ಬಾಡಿಗೆ ಸೇರಿದೆಯೋ ಬೇರೆಯೋ ಕೇಳಿ. ಡ್ರೈವರ್ ಇಲ್ಲೊಂದು ಅಂಗಡಿ ಮುಂದೆ ನಿಲ್ಲಿಸಿ "ಮೇಲೆ ಏನೂ ಸಿಗಲ್ಲ, ಬೂಟು ಕೋಟು ಇಲ್ಲೇ ತಗೊಳ್ಳಿ" ಎನ್ನಬಹುದು. ಗಮ್‌ಬೂಟು ತಗೊಳ್ಳಿ, ಅದು ಬೇಕಾಗುತ್ತದೆ. ಹಳೇ ತುಪ್ಪಳ ಕೋಟು ಬೇಡ. ಸ್ಕೀಯಿಂಗ್ ಸಾಮಾನು ಮೇಲೆಯೇ ಸಿಗುತ್ತದೆ.

7. ಗುರು ಮತ್ತು ಸಾಮಾನು

ಗಾಡಿ ಇಳಿಯುವ ಮುಂಚೆಯೇ ಸ್ಲೆಡ್ಜ್ (ಮರದ ಜಾರುಗಾಡಿ) ಎಳೆಯುವವರು, ಗೈಡ್‌ಗಳು, ಕುದುರೆಯವರು ಸುತ್ತುವರಿಯುತ್ತಾರೆ. ಗಾಬರಿ ಬೇಡ. ರೂಮಿಗೆ ಹೋಗಿ, ಚಹಾ ಕುಡಿದು, ಹೋಟೆಲಿನವರ ಹತ್ತಿರ ದರ ವಿಚಾರಿಸಿ ಹೊರಗೆ ಬನ್ನಿ. ಸ್ಕೀ ಗುರು ಗೊತ್ತುಮಾಡುವಾಗ ಗಂಟೆ ಲೆಕ್ಕವೋ ದಿನದ್ದೋ, ಒಬ್ಬರಿಗೆ ಎಷ್ಟು ಜನ ಶಿಷ್ಯರು, ಸ್ಕೀ-ಬೂಟು-ಕೋಲು-ಹೆಲ್ಮೆಟ್ ಅದರಲ್ಲೇ ಸೇರಿದೆಯೋ ಎಂದು ಬಿಡಿಸಿ ಕೇಳಿ. ಹೆಲ್ಮೆಟ್ ಅವರಾಗಿ ಕೊಡದಿದ್ದರೆ ಕೇಳಿ ಪಡೆಯಿರಿ. ಮಕ್ಕಳಿಗಂತೂ ಅದಿಲ್ಲದೆ ಇಳಿಜಾರಿಗೆ ಬಿಡಬೇಡಿ. ಆರೇಳು ವರ್ಷ ದಾಟಿದ ಮಕ್ಕಳು ಆರಾಮಾಗಿ ಕಲಿಯುತ್ತಾರೆ. ದೊಡ್ಡವರಿಗೂ ಮಕ್ಕಳಿಗೂ ಒಬ್ಬನೇ ಗುರು ಎಂದರೆ ಇಬ್ಬರಿಗೂ ವಿದ್ಯೆ ಹತ್ತುವುದಿಲ್ಲ.

ಗುರುಗಳು ಹಿಂದಿ-ಉರ್ದುವಿನಲ್ಲಿ ಮಾತಾಡುತ್ತಾರೆ. ಹಿಂದಿ ಬಾರದ ಮಕ್ಕಳಿಗೆ ರೈಲಿನಲ್ಲೋ ವಿಮಾನದಲ್ಲೋ ನಾಲ್ಕು ಮಾತು ಕಲಿಸಿ: "ರುಕೋ" ಅಂದರೆ ನಿಲ್ಲು, "ಘುಟ್ನಾ ಮೋಡೋ" ಅಂದರೆ ಮೊಣಕಾಲು ಬಗ್ಗಿಸು, "ಆಗೇ ಝುಕೋ" ಅಂದರೆ ಮುಂದಕ್ಕೆ ಬಾಗು, "ಸಾಮ್ನೇ ದೇಖೋ" ಅಂದರೆ ಎದುರಿಗೆ ನೋಡು.

ಬೂಟಿನ ಅಳತೆಯಲ್ಲಿ ಅವಸರ ಮಾಡಬೇಡಿ. ಒಂದೇ ಕಾಲುಚೀಲ ಹಾಕಿ, ಎರಡು ಹಾಕಿದರೆ ಮಡಿಕೆ ಬಿದ್ದು ಚರ್ಮ ತರಚುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತೂರಿಸಬೇಡಿ. ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಬಕಲ್ ಬಿಗಿಯಿರಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಸ್ವಲ್ಪ ತಾಗಬೇಕು, ಮೊಣಕಾಲು ಬಗ್ಗಿಸಿದ ಕೂಡಲೇ ಹಿಂದಕ್ಕೆ ಸರಿಯಬೇಕು. ಅದೇ ಸರಿಯಾದ ಅಳತೆ. ಮೊದಲ ಸಲ ನಡೆಯುವಾಗ ಸಿಮೆಂಟ್ ಪೈಪಿನೊಳಗೆ ಕಾಲಿಟ್ಟ ಹಾಗಿರುತ್ತದೆ, ಎಲ್ಲರಿಗೂ ಹಾಗೇ.

ಬೂಟನ್ನು ಸ್ಕೀ ಪಟ್ಟಿಗೆ ಕಚ್ಚಿ ಹಿಡಿಯುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಜೋರಾಗಿ ಬಿದ್ದಾಗ ಅದು ತಾನೇ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಮೊಣಕಾಲು ತಿರುಚುತ್ತದೆ. ಅದನ್ನು ನಿಮ್ಮ ತೂಕ ನೋಡಿ ಹೊಂದಿಸುವುದು, ಆದ್ದರಿಂದ ಅಂಗಡಿಯವನು ಕೇಳಿದರೆ ನಿಜವಾದ ತೂಕ ಹೇಳಿ. ಐದು ಕೆ.ಜಿ. ಕಡಿಮೆ ಹೇಳುವ ಜಾಗ ಇದಲ್ಲ.

8. ಇಳಿಜಾರಿನಲ್ಲಿ ಮೊದಲ ದಿನ

ಕಲಿಯುವವರು ಗೊಂಡೊಲಾ ಹತ್ತಬೇಕಿಲ್ಲ. ಕೆಳಗಿನ ಬಯಲಲ್ಲೇ ಸಣ್ಣ ಇಳಿಜಾರುಗಳಿವೆ.

ಬೂಟಿನ ತಳಕ್ಕೆ ಅಂಟಿದ ಹಿಮವನ್ನು ಕೋಲಿನಿಂದ ಕೆರೆದು ತೆಗೆಯಿರಿ. ಒಂದು ಹೆಂಟೆ ಉಳಿದರೂ ಬೈಂಡಿಂಗ್ ಕಚ್ಚುವುದಿಲ್ಲ. ಮೊದಲು ಮುಂಗಾಲು ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಿದರೆ ಟಕ್ ಎಂದು ಸದ್ದಾಗುತ್ತದೆ.

ಎರಡೂ ಪಟ್ಟಿಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ ನಿಲ್ಲುವುದಕ್ಕೆ ಸ್ನೋಪ್ಲೋ ಎನ್ನುತ್ತಾರೆ. ಇದೇ ನಿಮ್ಮ ಬ್ರೇಕು. ಹಿಮ್ಮಡಿ ಹೆಚ್ಚು ಅಗಲಿಸಿದಷ್ಟೂ ವೇಗ ಕಡಿಮೆ. ಇದು ಬರುವ ತನಕ ಮೇಲಿನ ಇಳಿಜಾರಿಗೆ ಹೋಗುವ ಮಾತೇ ಬೇಡ, ಗುರು ಕರೆದರೂ ಸಹ.

ಭಯವಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ವಾಲಿದ ಕೂಡಲೇ ಪಟ್ಟಿ ಹಿಡಿತಕ್ಕೆ ಸಿಗದೆ ಓಡುತ್ತದೆ. ಮೊಣಕಾಲು ಬಗ್ಗಿಸಿ, ಕಣಕಾಲಿನ ಮುಂಭಾಗ ಬೂಟಿನ ನಾಲಗೆಗೆ ಒತ್ತಿರಲಿ, ಕೈ ಎದುರಿಗಿರಲಿ, ಕಣ್ಣು ಪಟ್ಟಿಯ ಮೇಲೆ ಬೇಡ, ದೂರಕ್ಕಿರಲಿ.

ಹಿಡಿತ ತಪ್ಪಿತು ಎನಿಸಿದರೆ ಪಕ್ಕಕ್ಕೆ ಕುಸಿದು ಕೂತುಬಿಡಿ. ಕೈ ಊರಿ ತಡೆಯಲು ಹೋದರೆ ಹೆಬ್ಬೆರಳು, ಮಣಿಕಟ್ಟು ಉಳುಕುತ್ತದೆ. ಏಳುವಾಗ ಎರಡೂ ಪಟ್ಟಿಗಳನ್ನು ನಿಮ್ಮ ಕೆಳಗಿನ ಪಕ್ಕಕ್ಕೆ ತಂದು ಇಳಿಜಾರಿಗೆ ಅಡ್ಡಲಾಗಿ ಇಟ್ಟು ಏಳಿ. ತುದಿ ಕೆಳಮುಖವಾಗಿದ್ದರೆ ಎದ್ದ ಕ್ಷಣವೇ ಮತ್ತೆ ಜಾರುತ್ತೀರಿ.

ಬೆಳಿಗ್ಗೆ ಎರಡು ಗಂಟೆ, ಊಟದ ಮೇಲೆ ಒಂದೂವರೆ ಗಂಟೆ ಸಾಕು. ಸುಸ್ತಾದ ಕಾಲೇ ಪೆಟ್ಟು ಮಾಡಿಕೊಳ್ಳುವುದು. ಎರಡನೇ ದಿನ ತೊಡೆ ಹಿಡಿದುಕೊಂಡಿರುತ್ತದೆ, ಮಕ್ಕಳು "ಇವತ್ತು ಬೇಡ" ಎನ್ನುತ್ತಾರೆ. ತಿರುವು ತೆಗೆದುಕೊಳ್ಳಲು ಬರುವುದು ಸಾಮಾನ್ಯವಾಗಿ ಅದಾದ ಮೇಲೆಯೇ. ಮೂರು ರಾತ್ರಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

9. ಗೊಂಡೊಲಾ ಮತ್ತು ಹಿರಿಯರು

ಸ್ಕೀಯಿಂಗ್ ಮಾಡದವರಿಗೆ ಗೊಂಡೊಲಾ ಚೆಂದ. ಮೊದಲ ಹಂತ ಸುಮಾರು 3,000 ಮೀಟರ್ ಎತ್ತರದ ಕೊಂಗ್‌ಡೂರಿಗೆ, ಎರಡನೆಯದು 3,900 ಮೀಟರ್ ದಾಟಿ ಅಫರ್ವಾಟ್ ಬೆಟ್ಟಕ್ಕೆ. ಟಿಕೆಟ್ ಜಮ್ಮು-ಕಾಶ್ಮೀರ ಕೇಬಲ್ ಕಾರ್ ನಿಗಮದ ಜಾಲತಾಣದಲ್ಲಿ ಮುಂಚಿತವಾಗಿ ಮಾಡಿಸಬೇಕು. "ಬ್ಲಾಕ್‌ನಲ್ಲಿ ಕೊಡಿಸ್ತೀನಿ" ಎನ್ನುವವರಿಗೆ ದುಡ್ಡು ಕೊಡಬೇಡಿ. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸುತ್ತಾರೆ, ಅದಕ್ಕೆ ಮೊದಲ ದಿನವೇ ಹೋಗಿಬನ್ನಿ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಬಿಪಿ, ಹೃದಯದ ತೊಂದರೆ, ಆಸ್ತಮಾ ಇರುವ ಹಿರಿಯರಿದ್ದರೆ ಊರಲ್ಲೇ ಡಾಕ್ಟರಿಗೆ ತೋರಿಸಿ, ಗುಲ್ಮಾರ್ಗ್‌ನ ಎತ್ತರ ಹೇಳಿ ಕೇಳಿ. ಅವರು ಒಪ್ಪಿದರೂ ಎರಡನೇ ಹಂತ ಬೇಡ. ಮೇಲೆ ತಲೆನೋವು, ವಾಕರಿಕೆ, ಏದುಸಿರು ಬಂದರೆ ಯಾರೇ ಆಗಲಿ ಕೂಡಲೇ ಇಳಿಸಿ. ಅಫರ್ವಾಟ್‌ನ ಇಳಿಜಾರುಗಳು ನುರಿತವರಿಗೆ ಮಾತ್ರ. 2024ರ ಫೆಬ್ರುವರಿಯಲ್ಲಿ ಆ ಕಡೆಯ ಹಿಮಕುಸಿತದಲ್ಲಿ ವಿದೇಶಿ ಸ್ಕೀಯರ್ ಒಬ್ಬರು ಸತ್ತರು. ಹಗ್ಗ ಕಟ್ಟಿದ ಗಡಿಯಾಚೆ ಫೋಟೊಗೂ ಕಾಲಿಡಬೇಡಿ.

ಅಜ್ಜ-ಅಜ್ಜಿ, ಚಿಕ್ಕ ಮಕ್ಕಳಿಗೆ ಸ್ಲೆಡ್ಜ್ ಇದೆ. ಒಬ್ಬ ಮನುಷ್ಯ ಏದುಸಿರು ಬಿಡುತ್ತಾ ಎಳೆಯುತ್ತಾನೆ. ದರ ಮೊದಲೇ ಮಾತಾಡಿ, ಆದರೆ ಹತ್ತು ಇಪ್ಪತ್ತು ರೂಪಾಯಿಗೆ ಜಗ್ಗಾಡಬೇಡಿ.

ಮಕ್ಕಳ ಬೆರಳು, ಮೂಗು, ಕಿವಿ ಬಿಳಿಚಿಕೊಂಡು ಜೋಮು ಹಿಡಿದರೆ ಒಳಗೆ ಕರೆತಂದು ಉಗುರುಬೆಚ್ಚಗಿನ ನೀರಲ್ಲಿಡಿ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಬಾಯಾರಿಕೆ ಗೊತ್ತಾಗದಿದ್ದರೂ ನೀರು ಕುಡಿಸುತ್ತಿರಿ. ಪ್ರಯಾಣ ವಿಮೆ ಮಾಡಿಸುವುದಾದರೆ ಸ್ಕೀಯಿಂಗ್ ಅದರಲ್ಲಿ ಸೇರಿದೆಯೇ ನೋಡಿ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆ ಬಿಟ್ಟಿರುತ್ತವೆ.

10. ಊಟ

ವೈಷ್ಣೋ ಢಾಬಾ ಎಂದು ಬೋರ್ಡಿದ್ದರೆ ಅದು ಸಸ್ಯಾಹಾರಿ. ಹೋಟೆಲುಗಳಲ್ಲೂ ದಾಲ್, ಅನ್ನ, ರಾಜ್ಮಾ ಸಿಗುತ್ತದೆ. ಮೂರನೇ ದಿನಕ್ಕೆ ನಾಲಿಗೆ ಕೆಡುತ್ತದೆ, ಆಗ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿಟ್ಟ ಅವಲಕ್ಕಿ ಕೈಹಿಡಿಯುತ್ತವೆ. ನರ್ಗಿಸ್ ಮಂಡಕ್ಕಿ ಕಟ್ಟಿಕೊಂಡು ಹೋಗುವ ಆಸೆ ಬೇಡ, ಅರ್ಧ ಸೂಟ್‌ಕೇಸ್ ಅದೇ ತಿನ್ನುತ್ತದೆ.

11. ವಾಪಸಾತಿ

ಕೊನೆಯ ರಾತ್ರಿ ಗುಲ್ಮಾರ್ಗ್‌ನಲ್ಲಿ ಇದ್ದು ಬೆಳಿಗ್ಗೆ ನೇರ ವಿಮಾನಕ್ಕೆ ಹೋಗುವ ಯೋಜನೆ ಹಾಕಬೇಡಿ. ರಸ್ತೆ ಮುಚ್ಚಿದರೆ ಟಿಕೆಟ್ ಹೋಯಿತು. ಹಿಂದಿನ ದಿನವೇ ಶ್ರೀನಗರಕ್ಕೆ ಇಳಿದುಬಿಡಿ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಗೇಟಿನ ಹೊರಗೇ ಒಂದು ಸುತ್ತು ಲಗೇಜು ತಪಾಸಣೆ ಇರುತ್ತದೆ, ಮೂರು ಗಂಟೆ ಮುಂಚೆ ತಲುಪಿ. ಮಂಜಿಗೋ ಹಿಮಕ್ಕೋ ವಿಮಾನ ತಡವಾಗುವುದು, ರದ್ದಾಗುವುದು ಅಲ್ಲಿ ಹೊಸದಲ್ಲ. ದೆಹಲಿ ಮೇಲೆ ಬರುವುದಾದರೆ ಅಲ್ಲಿ ಬದಲಿ ವಿಮಾನಕ್ಕೆ ನಾಲ್ಕೈದು ಗಂಟೆ ಅಂತರವಿಡಿ, ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಬೆಂಗಳೂರಿಗೆ ಇಳಿಯುವ ರಾತ್ರಿಗೇ ದಾವಣಗೆರೆ ಬಸ್ಸು ರಿಸರ್ವ್ ಮಾಡಿಸಬೇಡಿ. ಇಳಿದ ಮೇಲೆ ನೋಡಿಕೊಳ್ಳಿ, ಹುಬ್ಬಳ್ಳಿ ಕಡೆಯ ಬಸ್ಸುಗಳು ರಾತ್ರಿಯಿಡೀ ಇರುತ್ತವೆ.